ಕಂಪನಿಯ ಲ್ಯಾಪ್‌ಟಾಪ್, ಫೋನ್‌ಗಳ ಅಪ್‌ಡೇಟ್: ಗಡುವು ಇಡುವುದು ಹೇಗೆ?

2017ರ ಮೇ 12ರಂದು ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಹಲವು ದೇಶಗಳ ಆಫೀಸು, ಆಸ್ಪತ್ರೆಗಳ ಕಂಪ್ಯೂಟರ್‌ಗಳಿಗೆ ನುಗ್ಗಿ ಫೈಲುಗಳಿಗೆ ಬೀಗ ಹಾಕಿ, ತೆರೆಯಲು ಹಣ ಕೇಳಿತು. ಅದು ನುಗ್ಗಲು ಬಳಸಿದ ವಿಂಡೋಸ್ ದೋಷವನ್ನು ಸರಿಪಡಿಸುವ ಪ್ಯಾಚನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. ಸುಮಾರು ಎರಡು ತಿಂಗಳು ಸಮಯವಿತ್ತು. ಎಷ್ಟೋ ಕಡೆ ಯಾರೂ ಹಾಕಿಕೊಂಡಿರಲಿಲ್ಲ. ಕಂಪನಿಯ ಸಾಧನಗಳ ಹೊಣೆ ನಿಮ್ಮದಾದರೆ, ‘ಆಮೇಲೆ ಮಾಡ್ತೀನಿ’ ಅನ್ನುವುದಕ್ಕೆ ಒಂದು ಮಿತಿ ಇಡುವುದೇ ನಿಮ್ಮ ಮುಖ್ಯ ಕೆಲಸ.

ಮೊದಲು ಪಟ್ಟಿ ಮಾಡಿ. ಸೀರಿಯಲ್ ನಂಬರ್ ಏನು, ಯಾರ ಕೈಯಲ್ಲಿದೆ, ಯಾವ ಆವೃತ್ತಿ ಓಡುತ್ತಿದೆ, ಇಷ್ಟು ಸಾಕು. ವಿಂಡೋಸ್‌ನಲ್ಲಿ ವಿಂಡೋಸ್ ಕೀ ಜೊತೆ ‘ಆರ್’ ಒತ್ತಿ ‘ವಿನ್‌ವರ್’ (winver) ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಆವೃತ್ತಿ, ಬಿಲ್ಡ್ ನಂಬರ್ ಎರಡೂ ಕಾಣುತ್ತವೆ. ಡ್ರಾಯರ್‌ನಲ್ಲಿ ಬಿದ್ದಿರುವ ಸ್ಪೇರ್ ಲ್ಯಾಪ್‌ಟಾಪ್‌ಗಳನ್ನು ಮರೆಯಬೇಡಿ. ತಿಂಗಳುಗಟ್ಟಲೆ ಆಫ್ ಆಗಿದ್ದು, ಅರ್ಜೆಂಟ್ ಅಂತ ಒಂದು ದಿನ ಹೊರಬರುವುದು ಅವೇ ಅಲ್ವಾ? ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂಥವುಗಳ ಮುಂದೆ ಗುರುತು ಹಾಕಿ.

ಆಮೇಲೆ ಎಲ್ಲವನ್ನೂ ಒಂದು ಎಂಡಿಎಂಗೆ, ಅಂದರೆ ಎಲ್ಲ ಸಾಧನಗಳನ್ನು ಒಂದೇ ಕಡೆಯಿಂದ ನಿಯಂತ್ರಿಸುವ ಸಾಫ್ಟ್‌ವೇರ್‌ಗೆ, ಸೇರಿಸಿ. ಇಂಟ್ಯೂನ್, ಜ್ಯಾಮ್ಫ್ ಇಂಥ ಸಾಫ್ಟ್‌ವೇರ್‌ಗಳು. ಸಾಧನ ಹತ್ತೇ ಇದ್ದರೂ ಇದು ಬೇಕು ಅನ್ನುವುದು ನನ್ನ ಅಭಿಪ್ರಾಯ. ಒಂದೊಂದರ ಮುಂದೆ ಕೂತು ಸೆಟ್ಟಿಂಗ್ ಬದಲಿಸುವ ಕೆಲಸ ಎರಡನೇ ತಿಂಗಳಿಗೇ ನಿಂತುಹೋಗುತ್ತದೆ.

ಈಗ ಭದ್ರತೆಯ ಸೆಟ್ಟಿಂಗ್. ಸ್ಕ್ರೀನ್ ಲಾಕ್, ಫೈರ್‌ವಾಲ್ ಕಡ್ಡಾಯ ಮಾಡಿ. ದಿನದ ಕೆಲಸಕ್ಕೆ ಯಾರಿಗೂ ಅಡ್ಮಿನ್ ಖಾತೆ ಕೊಡಬೇಡಿ. ಡಿಸ್ಕ್‌ನಲ್ಲಿರುವುದನ್ನು ಬೇರೆಯವರು ಓದದಂತೆ ಬೀಗ ಹಾಕಲು ವಿಂಡೋಸ್‌ನಲ್ಲಿ ಬಿಟ್‌ಲಾಕರ್, ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್ ಆನ್ ಮಾಡಿ. ಆದರೆ ಅದಕ್ಕೂ ಮುಂಚೆ ರಿಕವರಿ ಕೀ, ಅಂದರೆ ಆ ಬೀಗ ತೆರೆಯುವ ತುರ್ತು ಕೋಡ್, ಎಲ್ಲಿ ಉಳಿಯುತ್ತದೆ ಎಂದು ನೋಡಿಕೊಳ್ಳಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರ್ ಕಂಪನಿಯ ಒಂದು ದೋಷದ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಕೆಟ್ಟು ಕೂತವು. ಸರಿಮಾಡಲು ಹೋದವರನ್ನು ಎಷ್ಟೋ ಯಂತ್ರಗಳು ಕೇಳಿದ್ದು ಬಿಟ್‌ಲಾಕರ್ ಕೀಯನ್ನೇ. ಕೀ ಎಂಡಿಎಂನಲ್ಲಿ ಸೇವ್ ಆಗಿದೆಯಾ ಎಂದು ಒಂದೆರಡು ಲ್ಯಾಪ್‌ಟಾಪ್‌ಗಳದ್ದನ್ನು ತೆರೆದು ನಿಜಕ್ಕೂ ಪರೀಕ್ಷಿಸಿ.

ಅದೇ ಘಟನೆ ಇನ್ನೊಂದನ್ನೂ ಹೇಳುತ್ತದೆ: ಯಾವ ಅಪ್‌ಡೇಟನ್ನೂ ಎಲ್ಲರಿಗೂ ಒಟ್ಟಿಗೆ ಬಿಡಬೇಡಿ. ಮೈಕ್ರೋಸಾಫ್ಟ್ ತನ್ನ ಭದ್ರತಾ ಪ್ಯಾಚ್‌ಗಳನ್ನು ಸಾಮಾನ್ಯವಾಗಿ ಪ್ರತಿ ತಿಂಗಳ ಎರಡನೇ ಮಂಗಳವಾರ ಕೊಡುತ್ತದೆ. ಇಂಟ್ಯೂನ್‌ನ ಅಪ್‌ಡೇಟ್ ರಿಂಗ್ಸ್‌ನಲ್ಲಿ ಮೂರು ಗುಂಪು ಮಾಡಿ. ಐಟಿಯವರಿಗೆ ಅದೇ ದಿನ. ಪ್ರತಿ ವಿಭಾಗದಿಂದ ಒಬ್ಬಿಬ್ಬರಿಗೆ ಮೂರು ದಿನ ಬಿಟ್ಟು. ಉಳಿದವರಿಗೆ ಏಳು ದಿನ ಬಿಟ್ಟು. ಎರಡನೇ ಗುಂಪಿನಲ್ಲಿ ಅಕೌಂಟ್ಸ್‌ನವರು ಇರಲೇಬೇಕು. ಹಳೇ ಪ್ರಿಂಟರ್, ಹಳೇ ಸಾಫ್ಟ್‌ವೇರ್ ಜಾಸ್ತಿ ಇರುವುದು ಅಲ್ಲೇ, ತೊಂದರೆ ಇದ್ದರೆ ಮೊದಲು ಕಾಣುವುದೂ ಅಲ್ಲೇ.

ಪ್ರತಿ ಗುಂಪಿಗೂ ಗಡುವು ಇಡಿ: ಇನ್‌ಸ್ಟಾಲ್‌ಗೆ ಎರಡು ದಿನ, ರೀಸ್ಟಾರ್ಟ್‌ಗೆ ಇನ್ನೆರಡು ದಿನ. ಅದು ದಾಟಿದರೆ ಯಂತ್ರ ತಾನೇ ರೀಸ್ಟಾರ್ಟ್ ಆಗುತ್ತದೆ. ಇದನ್ನು ಮುಂಚೆಯೇ ಎಲ್ಲರಿಗೂ ತಿಳಿಸಿ. ಮೀಟಿಂಗ್ ಮಧ್ಯೆ ಸ್ಕ್ರೀನ್ ಕಪ್ಪಾದರೆ ಯಾರಿಗಾದರೂ ಸಿಟ್ಟು ಬರುತ್ತದೆ, ಅದು ಸಹಜ. ದಾಳಿಗೆ ಆಗಲೇ ಬಳಕೆಯಾಗುತ್ತಿರುವ ದೋಷವಾದರೆ ಮಾತ್ರ ಏಳು ದಿನ ಕಾಯಬೇಡಿ. ಐಟಿಯವರ ಯಂತ್ರದಲ್ಲಿ ನೋಡಿ, ಕೂಡಲೇ ಉಳಿದವರಿಗೂ ಬಿಡಿ.

ಬ್ರೌಸರ್, ಪಿಡಿಎಫ್ ರೀಡರ್‌ನಂಥವು ವಿಂಡೋಸ್ ಅಪ್‌ಡೇಟ್ ಜೊತೆ ಬರುವುದಿಲ್ಲ. ಅವುಗಳ ಆಟೋ ಅಪ್‌ಡೇಟ್ ಆನ್ ಇರಲಿ. ಕ್ರೋಮ್ ಅಪ್‌ಡೇಟ್ ಇಳಿಸಿಕೊಂಡರೂ, ಮುಚ್ಚಿ ಮತ್ತೆ ತೆರೆಯುವವರೆಗೆ ಹಳೆಯದೇ ಓಡುತ್ತಿರುತ್ತದೆ.

ವಾರಕ್ಕೊಮ್ಮೆ ರಿಪೋರ್ಟ್ ತೆರೆದು, ಹಿಂದುಳಿದ ಸಾಧನಗಳನ್ನು ಮಾತ್ರ ನೋಡಿ. ಎರಡು ವಾರ ಒಂದೇ ಹೆಸರು ಬಂದರೆ ಸುಮ್ನೆ ಇನ್ನೊಂದು ಮೇಲ್ ಕಳಿಸಬೇಡಿ, ಫೋನ್ ಮಾಡಿ. ಡಿಸ್ಕ್‌ನಲ್ಲಿ ಜಾಗವಿಲ್ಲದಿರಬಹುದು. ರೀಸ್ಟಾರ್ಟ್ ಮಾಡದೆ ಬರೀ ಮುಚ್ಚಳ ಮುಚ್ಚಿ ಮನೆಗೆ ಒಯ್ಯುತ್ತಿರಬಹುದು. ಜಾಗ ಖಾಲಿ ಮಾಡಿಸಿ, ಅವರು ಲೈನ್‌ನಲ್ಲಿ ಇರುವಾಗಲೇ ಅಪ್‌ಡೇಟ್ ಶುರು ಮಾಡಿಸಿ.