ಎಳ್ಳಿನ ಪೇಸ್ಟ್‌ಗೆ ನೀರು ಯಾವಾಗ ಮುಟ್ಟಿಸಬೇಕು

ಮೊನ್ನೆ ನಮ್ಮ ತಂಗಿ ಮಗಳು ಬೆಂಗಳೂರಿಂದ ಫೋನ್ ಮಾಡಿದ್ದಳು. "ದೊಡ್ಡಮ್ಮಾ, ಎಳ್ಳಿನ ಪೇಸ್ಟ್ ತೆಳ್ಳಗೆ ಮಾಡೋಣ ಅಂತ ಒಂದು ಚಮಚ ನೀರು ಹಾಕಿದೆ, ಗಾರೆ ಥರ ಗಟ್ಟಿಯಾಗಿ ಕೂತಿದೆ, ಕೆಟ್ಟೋಯ್ತಾ?" ಅಂದಳು. ಕೆಟ್ಟಿಲ್ಲ, ಎಸೀಬೇಡ, ಇನ್ನೆರಡು ಮೂರು ಚಮಚ ನೀರು ಹಾಕಿ ಚೆನ್ನಾಗಿ ತಿರುವು ಅಂದೆ. ಸ್ವಲ್ಪ ಹೊತ್ತಿಗೆ ಅದು ಗಟ್ಟಿ ಮಜ್ಜಿಗೆ ಹದಕ್ಕೆ ಬಂತು.

ಎಳ್ಳಿನಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಎಣ್ಣೆಯೇ ಇರುತ್ತದೆ. ಅರೆದಾಗ ಆ ಎಣ್ಣೆಯಲ್ಲಿ ನುಣ್ಣನೆ ಹಿಟ್ಟು ತೇಲುತ್ತಿರುತ್ತದೆ. ಅದಕ್ಕೆ ಚೂರೇ ಚೂರು ನೀರು ಬಿದ್ದರೆ ಹಿಟ್ಟೆಲ್ಲ ನೀರು ಕುಡಿದು ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಜಾಸ್ತಿ ಹಾಕಿದರೆ ಬಿಟ್ಟುಕೊಂಡು ಹಾಲಿನ ಥರ ಆಗುತ್ತದೆ. ಹಾಗಾಗಿ ನನ್ನ ಲೆಕ್ಕ ಇಷ್ಟೇ. ಡಬ್ಬಿಯಲ್ಲಿ ಇರುವವರೆಗೆ ಒಂದು ಹನಿ ನೀರೂ ಸೋಕಬಾರದು, ಪಾತ್ರೆಗೆ ಬಂದ ಮೇಲೆ ನೀರಿಗೆ ಜಿಪುಣತನ ಮಾಡಬಾರದು.

ಅಂಗಡಿಯಲ್ಲಿ ತಾಹಿನಿ ಅಂತ ಬಾಟಲಿ ಸಿಗುತ್ತದೆ, ಆದರೆ ಮನೆಯಲ್ಲಿ ಮಾಡುವುದು ಕಷ್ಟವಲ್ಲ, ದುಡ್ಡೂ ಉಳಿಯುತ್ತದೆ. ಕಾಲು ಕೆಜಿ ಬಿಳಿ ಎಳ್ಳು ತಗೊಳ್ಳಿ. ಸಿಪ್ಪೆ ತೆಗೆದದ್ದು ಸಿಕ್ಕರೆ ಕಹಿ ಕಡಿಮೆ. ಕೊಳ್ಳುವ ಮುಂಚೆ ನಾಲ್ಕು ಕಾಳು ಬಾಯಿಗೆ ಹಾಕಿ ಅಗಿದು ನೋಡಿ, ಹಳೇ ಎಳ್ಳಾದರೆ ಗಂಟಲಲ್ಲಿ ಕಮಟು ಗೊತ್ತಾಗುತ್ತದೆ, ಅದನ್ನು ಎಷ್ಟು ಹುರಿದರೂ ಸರಿ ಹೋಗುವುದಿಲ್ಲ. ಮಣ್ಣು ಇದ್ದರೆ ನೀರಲ್ಲಿ ಗಾಲಿಸಿ, ಬಟ್ಟೆ ಮೇಲೆ ಹರವಿ, ಪೂರ್ತಿ ಒಣಗಿಸಿ. ದಪ್ಪ ತಳದ ಬಾಣಲೆ, ಸಣ್ಣ ಉರಿ, ಕೈ ಬಿಡದೆ ಆಡಿಸುತ್ತಾ ಇರಬೇಕು. ಚಟಪಟ ಅನ್ನಲು ಶುರುವಾಗಿ ಘಮ ಬಂದ ಕೂಡಲೇ ಬೇರೆ ತಟ್ಟೆಗೆ ಸುರಿಯಿರಿ, ಯಾಕಂದ್ರೆ ಒಲೆ ಆರಿಸಿದರೂ ಬಾಣಲೆ ಬಿಸಿಗೆ ಅದು ಹುರಿಯುತ್ತಲೇ ಇರುತ್ತದೆ, ಕೆಂಪು ಜಾಸ್ತಿಯಾದರೆ ಕಹಿ ಗ್ಯಾರಂಟಿ. ಉಗುರು ಬೆಚ್ಚಗೆ ಇರುವಾಗಲೇ ಒಣಗಿದ ಚಟ್ನಿ ಜಾರ್‌ಗೆ ಹಾಕಿ. ಮೊದಲು ಪುಡಿ ಆಗುತ್ತದೆ, ಆಮೇಲೆ ಉಂಡೆ ಕಟ್ಟುತ್ತದೆ, ಇಲ್ಲಿ ಎಷ್ಟೋ ಜನ ಬೇಜಾರಾಗಿ ನೀರು ಹಾಕಿಬಿಡುತ್ತಾರೆ. ಹಾಕಬೇಡಿ. ಮಿಕ್ಸಿ ನಿಲ್ಲಿಸಿ, ಬದಿ ಕೆರೆದು, ಎರಡು ಚಮಚ ಎಳ್ಳೆಣ್ಣೆ ಬಿಟ್ಟು ಮತ್ತೆ ತಿರುಗಿಸಿ. ಮಧ್ಯೆ ಮಧ್ಯೆ ಮಿಕ್ಸಿಗೂ ಬಿಡುವು ಕೊಡಿ. ತಾನಾಗೇ ಎಣ್ಣೆ ಬಿಟ್ಟು ಹರಿಯುವ ಹಾಗೆ ಆಗುತ್ತದೆ.

ಒಂದು ವರ್ಷ ಹಬ್ಬದ ಗಡಿಬಿಡಿಯಲ್ಲಿ ನಾನು ಎಳ್ಳನ್ನು ಅರೆಬರೆ ಒಣಗಿಸಿ ಅರೆದುಬಿಟ್ಟೆ. ಹತ್ತು ದಿನಕ್ಕೆ ವಾಸನೆ ಬಂತು, ಅಷ್ಟೂ ತಿಪ್ಪೆಗೆ ಹೋಯಿತು. ಎಳ್ಳು ಬೆಳೆಯುವ ಕಷ್ಟ ನೋಡಿದವರಿಗೆ ಅದು ಎಷ್ಟು ಸಂಕಟ ಅಂತ ಗೊತ್ತು. ಅವತ್ತಿನಿಂದ ಗಾಜಿನ ಬಾಟಲಿಯನ್ನು ತೊಳೆದು ಬಿಸಿಲಿಗೆ ಇಟ್ಟೇ ತುಂಬುತ್ತೇನೆ, ಒಣ ಚಮಚ ಬಿಟ್ಟು ಬೇರೇನೂ ಒಳಗೆ ಹೋಗುವುದಿಲ್ಲ. ನಮ್ಮ ದಾವಣಗೆರೆ ಏಪ್ರಿಲ್ ಬಿಸಿಲು ನಿಮಗೆ ಗೊತ್ತೇ ಇದೆ, ಆ ಕಾಲದಲ್ಲಿ ಒಲೆ ಪಕ್ಕದ ಕಟ್ಟೆ ಮೇಲೆ ಇಟ್ಟರೆ ಎಣ್ಣೆ ಬೇಗ ಕಮಟಾಗುತ್ತದೆ. ಫ್ರಿಜ್ಜಿನಲ್ಲಿಡಿ. ಗಟ್ಟಿಯಾಗುತ್ತದೆ, ಪರವಾಗಿಲ್ಲ, ಬೇಕಾದಷ್ಟು ತೆಗೆದು ತಕ್ಷಣ ಮುಚ್ಚಿ ಒಳಗಿಡಿ. ಮುಚ್ಚಳ ತೆಗೆದು ಹೊರಗೆ ಬಿಟ್ಟರೆ ತಣ್ಣನೆ ಬಾಟಲಿಗೆ ಬೆವರು ಬರುತ್ತದಲ್ಲ, ಅದೂ ನೀರೇ. ನಾನು ಒಂದು ತಿಂಗಳಿಗೆ ಆಗುವಷ್ಟು ಮಾತ್ರ ಮಾಡುತ್ತೇನೆ.

ಮೇಲೆ ಎಣ್ಣೆ ತೇಲಿದರೆ ಹೆದರಬೇಡಿ, ಅದನ್ನು ಚೆಲ್ಲಲೂಬೇಡಿ. ಚೆಲ್ಲಿದರೆ ತಳದಲ್ಲಿ ಉಳಿದದ್ದು ಹಿಂಡಿ ಥರ ಒಣಗುತ್ತದೆ. ಮುಚ್ಚಳ ಬಿಗಿ ಮಾಡಿ ರಾತ್ರಿ ಬಾಟಲಿಯನ್ನು ತಲೆಕೆಳಗೆ ನಿಲ್ಲಿಸಿ, ಬೆಳಗ್ಗೆ ಕಲಕುವುದು ಸುಲಭ.

ನಮ್ಮ ಕಡೆ ಅಡಿಗೆಗಳಲ್ಲಿ ಇದು ಎಲ್ಲಕ್ಕಿಂತ ಚೆನ್ನಾಗಿ ಹೊಂದುವುದು ಎಣ್ಣೆಗಾಯಿಗೇ ಅಂತ ನನ್ನ ಅನಿಸಿಕೆ. ಬದನೆಕಾಯಿ ಬೆಂದ ಮೇಲೆ, ಎರಡು ಚಮಚ ಪೇಸ್ಟನ್ನು ಒಂದು ಬಟ್ಟಲಿನಲ್ಲಿ ಬಿಸಿನೀರು ಹಾಕಿ ಮೊದಲೇ ಕದಡಿ, ಆಮೇಲೆ ಸೇರಿಸಿ. ನೇರವಾಗಿ ಹಾಕಿದರೆ ಗಂಟು ಗಂಟಾಗುತ್ತದೆ. ಸೇರಿಸಿದ ಮೇಲೆ ಸಣ್ಣ ಉರಿಯಲ್ಲಿ ಒಂದು ಕುದಿ ಸಾಕು, ಕೊತಕೊತ ಕುದಿಸಿದರೆ ಎಣ್ಣೆ ಒಡೆದು ತಳ ಹಿಡಿಯುತ್ತದೆ. ಹುಣಸೆಹುಳಿ, ಬೆಲ್ಲ ಎರಡೂ ಇದರ ಕಹಿಯನ್ನು ಮುಚ್ಚುತ್ತವೆ. ಜೋಳದ ರೊಟ್ಟಿಗೆ ಅವಸರದಲ್ಲಿ ಏನೂ ಇಲ್ಲ ಅಂದಾಗ ಪೇಸ್ಟ್, ಮೊಸರು, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಉಪ್ಪು ಕಲಸಿದರೆ ಚಟ್ನಿ ಆಯಿತು. ಮಕ್ಕಳಿಗೆ ಬೆಲ್ಲದ ಪುಡಿ ಬೆರೆಸಿ ಬಿಸಿ ಚಪಾತಿಗೆ ಸವರಿ ಕೊಡಿ. ಎಳ್ಳು ಕೆಲವರ ಮೈಗೆ ಒಗ್ಗುವುದಿಲ್ಲ, ಅಲರ್ಜಿ ಜೋರಾಗೂ ಬರಬಹುದು, ಮನೆಗೆ ಬಂದವರಿಗೆ ಬಡಿಸುವ ಮುಂಚೆ ಒಂದು ಮಾತು ಕೇಳಿ.

ಬಾಟಲಿ ಖಾಲಿಯಾದಾಗ ಗೋಡೆಗೆ ಹತ್ತಿದ್ದನ್ನು ಹಾಗೇ ತೊಳೆದು ಚೆಲ್ಲಬೇಡಿ. ಅವತ್ತು ಮಾತ್ರ ಬಾಟಲಿಗೆ ಅರ್ಧ ಲೋಟ ಬೆಚ್ಚನೆ ನೀರು ಹಾಕಿ, ಮುಚ್ಚಿ, ಚೆನ್ನಾಗಿ ಕುಲುಕಿ, ಸೊಪ್ಪಿನ ಸಾರು ಇಳಿಸುವ ಮುಂಚೆ ಸುರಿದುಬಿಡಿ.