ಮರಣ ಪ್ರಮಾಣಪತ್ರದಲ್ಲಿ ಮೊದಲು ಓದಬೇಕಾದ ಕಾಲಂ

ವಂಶಾವಳಿ ಹುಡುಕುವವರಿಗೆ ಹಿರಿಯರೊಬ್ಬರ ಮರಣ ಪ್ರಮಾಣಪತ್ರ ಸಿಕ್ಕಿತೆಂದರೆ ಕಣ್ಣು ಸೀದಾ ತಂದೆ-ತಾಯಿಯ ಹೆಸರಿಗೆ ಹೋಗುತ್ತದೆ. ಅದಕ್ಕೂ ಮುಂಚೆ ಮಾಹಿತಿದಾರರ ಕಾಲಂ ಓದಿ. ಸತ್ತವರು ತಮ್ಮ ವಿವರ ತಾವೇ ಬರೆಸಿರುವುದಿಲ್ಲ. ಸಾವಿನ ಮನೆಯ ಗಡಿಬಿಡಿಯಲ್ಲಿ ಯಾರೋ ನೆನಪಿದ್ದಷ್ಟು ಹೇಳಿರುತ್ತಾರೆ. ಆ ಯಾರೋ ಯಾರು ಎಂಬುದರ ಮೇಲೆ ಉಳಿದ ಕಾಲಂಗಳ ತೂಕ ನಿಂತಿದೆ.

ಸತ್ತ ದಿನ, ಜಾಗ, ವೈದ್ಯರು ಬರೆದ ಕಾರಣ ಇವು ಆಗಿನ ಕಾಲಕ್ಕೇ ದಾಖಲಾದವು, ಬಹುಮಟ್ಟಿಗೆ ನಂಬಬಹುದು. ಹುಟ್ಟಿದ ದಿನ, ಹುಟ್ಟೂರು, ತಂದೆ-ತಾಯಿಯ ಹೆಸರು ಹಾಗಲ್ಲ. ಎಂಬತ್ತು ವರ್ಷದ ಹಿಂದಿನ ಸಂಗತಿಯನ್ನು ಅಳಿಯನೋ ಮೊಮ್ಮಗಳೋ ಕೇಳಿದ ಮಾತಿನಿಂದ ಹೇಳಿರಬಹುದು. ಪದೇ ಪದೇ ಕಾಣುವ ಒಂದು ತಪ್ಪು ಹೀಗೆ: ನೋಂದಣಿಗೆ ಬಂದವನು ಮಗ. ಗುಮಾಸ್ತರು "ತಾಯಿಯ ಹೆಸರು?" ಎನ್ನುತ್ತಾರೆ. ಸತ್ತ ತಂದೆಯ ತಾಯಿಯನ್ನು ಕೇಳುತ್ತಿದ್ದಾರೆಂದು ಹೊಳೆಯದೆ ಅವನು ತನ್ನ ತಾಯಿಯ ಹೆಸರನ್ನೇ ಹೇಳಿಬಿಡುತ್ತಾನೆ. ಕಾಗದದ ಮೇಲೆ ಹೆಂಡತಿ ಅತ್ತೆಯ ಜಾಗದಲ್ಲಿ ಕೂರುತ್ತಾಳೆ! ಎರಡೂ ಕಡೆ ಒಂದೇ ಹೆಸರು ಕಂಡರೆ ಮೊದಲ ಗುಮಾನಿ ಇದೇ ಇರಲಿ.

ಪತ್ರ ಹುಡುಕುವಾಗ ಎಡವುವುದು ಊರಿನ ವಿಷಯದಲ್ಲಿ. ಸಾವು ಸಾಮಾನ್ಯವಾಗಿ ನೋಂದಣಿಯಾಗುವುದು ಸತ್ತ ಜಾಗದಲ್ಲಿ, ಬದುಕಿದ ಜಾಗದಲ್ಲಲ್ಲ. ಹಾಗಾಗಿ ಆಸ್ಪತ್ರೆ ಇರುವ ಪಕ್ಕದ ಪಟ್ಟಣ, ಮದುವೆಯಾದ ಮಗಳ ಊರು ಎರಡನ್ನೂ ನೋಡಿ. ಮದುವೆಯಾದ ಹೆಣ್ಣುಮಕ್ಕಳನ್ನು ಗಂಡನ ಮನೆತನದ ಹೆಸರಲ್ಲೂ ತವರಿನ ಹೆಸರಲ್ಲೂ ಹುಡುಕಿ. ಪ್ರತಿ ಕೇಳುವಾಗ ಪೂರ್ಣ ನಕಲನ್ನೇ ಕೇಳಿ. ಸಂಕ್ಷಿಪ್ತ ಪತ್ರದಲ್ಲಿ ಕಾರಣ, ಮಾಹಿತಿದಾರರು ಬಿಟ್ಟುಹೋಗಿರಬಹುದು. ಮೂಲ ರಿಜಿಸ್ಟರ್ ಪುಟದ ಫೋಟೊ ಸಿಗುವುದಾದರೆ ಇನ್ನೂ ಒಳ್ಳೆಯದು. ಟೈಪ್ ಮಾಡಿದ ನಕಲಿನಲ್ಲಿ ಬೆರಳಚ್ಚುಗಾರರ ತಪ್ಪೂ ಸೇರಿಕೊಳ್ಳುತ್ತದೆ, ಸಹಿ ಕಾಣುವುದಿಲ್ಲ.

ಯಾವ ದೇಶದ ಪತ್ರ ಎಂಬುದರ ಮೇಲೆ ಏನು ಸಿಗುತ್ತದೆಂಬುದೂ ಬದಲಾಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಾಗರಿಕ ನೋಂದಣಿ 1837ರ ಜುಲೈ 1ರಂದೇ ಶುರುವಾದರೂ ದೊಡ್ಡವರ ಮರಣಪತ್ರದಲ್ಲಿ ತಂದೆ-ತಾಯಿಯ ಹೆಸರಿಗೆ ಕಾಲಂ ಇರಲಿಲ್ಲ. ಹುಟ್ಟಿದ ದಿನ ಮತ್ತು ಸ್ಥಳ ಸೇರಿದ್ದು 1969ರಲ್ಲಿ. ಸ್ಕಾಟ್ಲೆಂಡ್ 1855ರಲ್ಲಿ ತಡವಾಗಿ ಶುರುಮಾಡಿದರೂ ತಂದೆಯ ಹೆಸರು ಮಾತ್ರವಲ್ಲ, ತಾಯಿಯ ತವರಿನ ಹೆಸರನ್ನೂ ಬರೆಸಿತು. ವಂಶ ಹುಡುಕುವವರಿಗೆ ಇದು ನಿಧಿ.

ವಯಸ್ಸಿನಿಂದ ಹುಟ್ಟಿದ ದಿನ ತೆಗೆಯುವಾಗ ವರ್ಷ, ತಿಂಗಳು, ದಿನ ಈ ಕ್ರಮದಲ್ಲೇ ಕಳೆಯಿರಿ. ಸತ್ತದ್ದು 1901ರ ಮಾರ್ಚ್ 5, ವಯಸ್ಸು 72 ವರ್ಷ 3 ತಿಂಗಳು 10 ದಿನ ಎಂದಿದ್ದರೆ: 72 ವರ್ಷ ಕಳೆದರೆ 1829ರ ಮಾರ್ಚ್ 5, ಮೂರು ತಿಂಗಳು ಹಿಂದಕ್ಕೆ 1828ರ ಡಿಸೆಂಬರ್ 5, ಹತ್ತು ದಿನ ಕಳೆದರೆ ನವೆಂಬರ್ 25. ಬರೀ 72 ಎಂದಿದ್ದರೆ 1828ರ ಮಾರ್ಚ್ 6ರಿಂದ 1829ರ ಮಾರ್ಚ್ 5ರವರೆಗೆ ಯಾವ ದಿನವೂ ಆಗಬಹುದು, ಅಂದರೆ ಎರಡು ವರ್ಷದ ಜನನ ರಿಜಿಸ್ಟರ್ ತಿರುವಬೇಕು. 60, 70, 80 ಎಂದು ದುಂಡಗಿದ್ದರೆ ಅದು ಅಂದಾಜು ಎಂದುಕೊಂಡು ಆಚೀಚೆ ಐದು ವರ್ಷ ಹುಡುಕಿ.

ಕಾರಣದ ಕಾಲಂನಲ್ಲಿ ಹಳೆಯ ಪದಗಳಿರುತ್ತವೆ. ಥೈಸಿಸ್ ಎಂದರೆ ಕ್ಷಯ. ಅಪೊಪ್ಲೆಕ್ಸಿ ಎಂದರೆ ಸಾಮಾನ್ಯವಾಗಿ ಈಗಿನ ಸ್ಟ್ರೋಕ್. ಡ್ರಾಪ್ಸಿ ಎಂದರೆ ಮೈಗೆ ನೀರು ತುಂಬುವುದು; ಅದು ಲಕ್ಷಣವಷ್ಟೆ, ಹಿಂದಿನ ಕಾಯಿಲೆ ಹೃದಯದ್ದೋ ಮೂತ್ರಪಿಂಡದ್ದೋ ಇರಬಹುದು. ಈಗಿನ ನಮೂನೆಯಲ್ಲಿ ಕಾರಣಗಳು ಸಾಲಾಗಿರುತ್ತವೆ: ಮೇಲಿನ ಸಾಲು ಕೊನೆಗೆ ಪ್ರಾಣ ತೆಗೆದದ್ದು, ಮೊದಲ ಭಾಗದಲ್ಲಿ ತುಂಬಿದ ಸಾಲುಗಳ ಪೈಕಿ ಎಲ್ಲಕ್ಕಿಂತ ಕೆಳಗಿನದು ಮೂಲ ಕಾಯಿಲೆ. ಮನೆತನದ ಕಾಯಿಲೆ ಗುರುತಿಸುವವರು ಕೆಳಗಿನದನ್ನು ಬರೆದುಕೊಳ್ಳಬೇಕು. ಮಾಹಿತಿದಾರರ ಜಾಗದಲ್ಲಿ ಕರೋನರ್ (ಅಸಹಜ ಸಾವುಗಳ ಬಗ್ಗೆ ವಿಚಾರಣೆ ನಡೆಸುವ ಅಧಿಕಾರಿ) ಎಂದಿದ್ದರೆ ವಿಚಾರಣೆ ನಡೆದಿದೆ. ಆ ವಾರಗಳ ಸ್ಥಳೀಯ ಪತ್ರಿಕೆ ನೋಡಿದರೆ ಪತ್ರದಲ್ಲಿಲ್ಲದ ವಿವರ ಸಿಗುವುದುಂಟು.

ನೋಟ್ಸ್ ಮಾಡುವಾಗ ಇದ್ದದ್ದನ್ನು ಇದ್ದಂತೆ, ಕಾಗುಣಿತದ ತಪ್ಪಿನ ಸಮೇತ ಇಳಿಸಿಕೊಳ್ಳಿ. ನಿಮ್ಮ ತಿದ್ದುಪಡಿ ಬೇರೆ ಸಾಲಿನಲ್ಲಿರಲಿ. ತಂದೆ-ತಾಯಿಯ ಹೆಸರಿನ ಬಗ್ಗೆ ಅನುಮಾನ ಉಳಿದರೆ ಅಣ್ಣ-ತಮ್ಮ, ಅಕ್ಕ-ತಂಗಿಯರ ಮರಣಪತ್ರಗಳನ್ನೂ ತರಿಸಿ. ಅಲ್ಲೂ ಮೊದಲು ಮಾಹಿತಿದಾರರನ್ನೇ ನೋಡಿ. ಮೂರು ಪತ್ರಕ್ಕೂ ಒಬ್ಬನೇ ಸೋದರಳಿಯ ಸಹಿ ಹಾಕಿದ್ದರೆ ಅದು ಮೂರು ಸಾಕ್ಷಿಯಲ್ಲ, ಒಂದೇ.