ಸುರತ್ಕಲ್ ಸೆಕೆಯಲ್ಲಿ ಫೆರೈಟ್ ಹರಳು ಬೆಳೆಸುವುದು

ಮೊದಲು ಕ್ಯಾಲೆಂಡರ್ ನೋಡಿ. ಪ್ರಾಜೆಕ್ಟಿಗೆ ಬರುವ ಎಂ.ಎಸ್ಸಿ. ಮಕ್ಕಳಿಗೆ ನಾನು ಹೇಳುವ ಮೊದಲ ಮಾತು ಇದೇ. ಬೇರಿಯಂ ಫೆರೈಟ್ (ಬೇರಿಯಂ, ಕಬ್ಬಿಣ, ಆಮ್ಲಜನಕ ಸೇರಿದ ಕಾಂತ ವಸ್ತು) ಹರಳು ಬೇಕಾದರೆ ಫರ್ನೇಸ್ ಐದಾರು ದಿನ ಬಿಡದೆ ಆನ್ ಇರಬೇಕು. ಸುರತ್ಕಲ್ ಕಡೆ ಏಪ್ರಿಲ್ ಬಂತೆಂದರೆ ಸಂಜೆ ಗುಡುಗು ಶುರು. ಮೇ ಕೊನೆಗೆ ಬರುವ ಪತ್ತನಾಜೆ ಕಳೆದ ಮೇಲಂತೂ ಕೇಳುವುದೇ ಬೇಡ. ತಂಪಾಗುವ ಹೊತ್ತಿನಲ್ಲಿ ಕರೆಂಟ್ ಹೋದರೆ ದೊಡ್ಡ ಹರಳು ನಾಲ್ಕು ಸಿಗುವ ಜಾಗದಲ್ಲಿ ಬರೀ ಚೂರುಗಳ ರಾಶಿ. ಯುಪಿಎಸ್ ಕಂಟ್ರೋಲರಿಗೆ ಸಾಕು, ಫರ್ನೇಸಿಗೆ ಸಾಲದು. ಹಾಗಾಗಿ ದೀಪಾವಳಿ ಮುಗಿಸಿ ಶುರು ಮಾಡಿ, ಮಾರ್ಚ್ ಒಳಗೆ ಮುಗಿಸಿ.

ನಮ್ಮೂರಿನ ಮುರಕಲ್ಲಲ್ಲಿ ಕಬ್ಬಿಣ ಉಂಟಲ್ಲ, ಅದನ್ನೇ ಪುಡಿ ಮಾಡಿದರೆ ಆಗುವುದಿಲ್ವಾ ಎಂದು ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಕೇಳುತ್ತಾರೆ. ಆಗುವುದಿಲ್ಲ ಮಾರಾಯ್ರೆ. ಅದರಲ್ಲಿ ಅಲ್ಯುಮಿನಿಯಂ ಜಾಸ್ತಿ. ಅದು ಹರಳಿನೊಳಗೆ ಕಬ್ಬಿಣದ ಜಾಗದಲ್ಲೇ ಹೋಗಿ ಕೂರುತ್ತದೆ, ಕಾಂತ ಶಕ್ತಿ ಇಳಿಯುತ್ತದೆ. ಶುದ್ಧ ಫೆರಿಕ್ ಆಕ್ಸೈಡ್ ಕೊಳ್ಳಿ.

ನಾನು ಬಳಸುವುದು ಸೋಡಿಯಂ ಕಾರ್ಬೊನೇಟ್ ಫ್ಲಕ್ಸ್, ಅಂದರೆ ಬಿಸಿಯಲ್ಲಿ ಕರಗಿ ಉಳಿದದ್ದನ್ನೂ ಕರಗಿಸಿಕೊಳ್ಳುವ ವಸ್ತು. ಪಾಕದಲ್ಲಿ ಕಲ್ಲುಸಕ್ಕರೆ ಕಟ್ಟುವ ಹಾಗೆ, ಕರಗಿದ ಫ್ಲಕ್ಸ್ ತಣಿಯುತ್ತಾ ಹೋದಂತೆ ಫೆರೈಟ್ ಹೊರಗೆ ಬಂದು ಹರಳಾಗುತ್ತದೆ. ಸೀಸದ ಆಕ್ಸೈಡ್ ಫ್ಲಕ್ಸಿನಲ್ಲೂ ಒಳ್ಳೆಯ ಹರಳು ಬರುತ್ತದೆ. ಆದರೆ ಅದರ ಹೊಗೆ ವಿಷ, ಸೀಸ ಬೇರಿಯಂ ಜಾಗಕ್ಕೂ ನುಗ್ಗುತ್ತದೆ. ನನಗೆ ಬೇಡ.

50 ಗ್ರಾಂ ಮಿಶ್ರಣಕ್ಕೆ ಫೆರಿಕ್ ಆಕ್ಸೈಡ್ 27.4 ಗ್ರಾಂ, ಬೇರಿಯಂ ಕಾರ್ಬೊನೇಟ್ 13.5, ಸೋಡಿಯಂ ಕಾರ್ಬೊನೇಟ್ 9.1. ಹರಳಿಗೆ ಬೇಕಾದ್ದಕ್ಕಿಂತ ಬೇರಿಯಂ ಇಲ್ಲಿ ಜಾಸ್ತಿ ಇದೆ, ಇರಲಿ. ಉಳಿದದ್ದು ಫ್ಲಕ್ಸಿನ ಕೆಲಸ ಮಾಡುತ್ತದೆ. ನಮ್ಮ ಗಾಳಿಯಲ್ಲಿ ಸೋಡಿಯಂ ಕಾರ್ಬೊನೇಟ್ ಬೇಗ ನೀರು ಹೀರುತ್ತದೆ. ತೂಕ ಮಾಡುವ ಮುಂಚೆ 200 ಡಿಗ್ರಿಯಲ್ಲಿ ಒಣಗಿಸಿ, ಡೆಸಿಕೇಟರಿನಲ್ಲಿ (ತೇವ ತಾಗದ ಮುಚ್ಚಿದ ಪಾತ್ರೆ) ತಣಿಸಿ. ಬೇರಿಯಂ ಕಾರ್ಬೊನೇಟ್ ಇಲಿ ಪಾಷಾಣಕ್ಕೆ ಬಳಸುತ್ತಿದ್ದ ವಸ್ತು. ಗ್ಲೌಸ್, ಮಾಸ್ಕ್ ಹಾಕಿಯೇ ಮುಟ್ಟಿ.

ಕ್ರೂಸಿಬಲ್, ಅಂದರೆ ಕರಗಿಸುವ ಪಾತ್ರೆ, ಪ್ಲಾಟಿನಂದೇ ಆಗಬೇಕು. ಅಲ್ಯುಮಿನಾದ್ದು ಇಟ್ಟರೆ ಫ್ಲಕ್ಸ್ ಅದನ್ನು ತಿನ್ನುತ್ತದೆ, ಮತ್ತೆ ಅದೇ ಅಲ್ಯುಮಿನಿಯಂ ತಾಪತ್ರಯ. ಪೂರ್ತಿ ತುಂಬಬೇಡಿ. ಈ 50 ಗ್ರಾಂನಿಂದ ಸುಮಾರು 7 ಗ್ರಾಂ ಕಾರ್ಬನ್ ಡೈಆಕ್ಸೈಡ್ ಹೊರಡುತ್ತದೆ, ಉಕ್ಕುತ್ತದೆ. ಕೆಳಗೊಂದು ಅಲ್ಯುಮಿನಾ ತಟ್ಟೆ ಇಟ್ಟರೆ ಚೆಲ್ಲಿದರೂ ಫರ್ನೇಸ್ ಉಳಿಯುತ್ತದೆ.

1250 ಡಿಗ್ರಿಗೆ ಏರಿಸಿ ಒಂದು ದಿನ ಹಾಗೇ ಬಿಡಿ. ಎಲ್ಲ ಚೆನ್ನಾಗಿ ಕರಗಿ ಬೆರೆಯಲಿ. ಆಮೇಲೆ ಗಂಟೆಗೆ 3 ಡಿಗ್ರಿಯಂತೆ 1000 ಡಿಗ್ರಿವರೆಗೆ ಇಳಿಸಿ. ಇದಕ್ಕೇ ಮೂರೂವರೆ ದಿನ ಬೇಕು. ಬೇಗ ಇಳಿಸಿದರೆ ಒಂದೇ ಸಲ ಎಲ್ಲೆಲ್ಲೂ ಹರಳು ಹುಟ್ಟಿ ಯಾವುದೂ ದೊಡ್ಡದಾಗುವುದಿಲ್ಲ. ಈ ಮಧ್ಯೆ ಸುಮ್ನೆ ಬಾಗಿಲು ತೆಗೆದು ಇಣುಕಬೇಡಿ. 1000ದ ನಂತರ ಫರ್ನೇಸ್ ಆಫ್ ಮಾಡಿ, ತಾನಾಗಿ ತಣಿಯಲಿ. ಸಮುದ್ರದ ಉಪ್ಪುಗಾಳಿಗೆ ಹೀಟರ್ ರಾಡಿನ ಕ್ಲಿಪ್ಪುಗಳು ತುಕ್ಕು ಹಿಡಿಯುತ್ತವೆ. ಪ್ರತಿ ರನ್ನಿಗೂ ಮುಂಚೆ ಅವನ್ನು ಉಜ್ಜಿ ಬಿಗಿ ಮಾಡಿ.

ಗಟ್ಟಿಯಾದ ಫ್ಲಕ್ಸ್ ಬಿಡಿಸಲು ಬಿಸಿಯಾದ, ನೀರು ಬೆರೆಸಿದ ನೈಟ್ರಿಕ್ ಆ್ಯಸಿಡ್. ಫ್ಯೂಮ್ ಹುಡ್ ಒಳಗೇ ಮಾಡಿ. ಸಲ್ಫ್ಯೂರಿಕ್ ಹಾಕಿದರೆ ಬೇರಿಯಂ ಸಲ್ಫೇಟ್ ಕರಗದ ಬಿಳಿ ಗಷ್ಟಾಗಿ ಅಂಟುತ್ತದೆ. ಬೇಗ ಆಗಲಿ ಎಂದು ಹೈಡ್ರೋಕ್ಲೋರಿಕ್ ಬೆರೆಸಿದಿರೋ, ಪ್ಲಾಟಿನಂ ಕ್ರೂಸಿಬಲ್ಲೇ ಕರಗುತ್ತದೆ. ತೊಳೆದ ನೀರಿನಲ್ಲಿ ಬೇರಿಯಂ ಇರುತ್ತದೆ, ಸಿಂಕಿಗೆ ಚೆಲ್ಲಬೇಡಿ. ಸೋಡಿಯಂ ಸಲ್ಫೇಟ್ ಹಾಕಿದರೆ ಬೇರಿಯಂ ತಳದಲ್ಲಿ ಕೂರುತ್ತದೆ, ಸೋಸಿ ತೆಗೆದಿಡಿ.

ಸಿಗುವುದು ಕಪ್ಪಗೆ ಹೊಳೆಯುವ ಆರು ಮೂಲೆಯ ತೆಳು ಬಿಲ್ಲೆಗಳು. ನೋಡಿ ಖುಷಿಪಡುವ ಮುಂಚೆ ಮ್ಯಾಗ್ನೆಟ್ ಹಿಡಿಯಿರಿ, ಯಾಕೆಂದರೆ ಹೆಮಟೈಟ್ (ಬರೀ ಫೆರಿಕ್ ಆಕ್ಸೈಡಿನ ಹರಳು) ಕೂಡ ಹೀಗೇ ಕಾಣುತ್ತದೆ. ಅದು ಮ್ಯಾಗ್ನೆಟ್ಟಿಗೆ ಹಾರಿ ಬರುವುದಿಲ್ಲ. ಫೆರೈಟ್ ಬಿಲ್ಲೆ ಮ್ಯಾಗ್ನೆಟ್ಟಿನ ತುದಿಯ ನಟ್ಟನಡುವಿನಲ್ಲಿ ಚಪ್ಪಟೆ ಮಲಗುತ್ತದೆ, ಕಾಂತಕ್ಷೇತ್ರ ಅಡ್ಡ ಇರುವಲ್ಲಿ ಎದ್ದು ನಿಲ್ಲುತ್ತದೆ. ಅದರ ಸುಲಭ ಅಕ್ಷ, ಅಂದರೆ ಕಾಂತತೆ ಸಲೀಸಾಗಿ ನಿಲ್ಲುವ ದಿಕ್ಕು, ಬಿಲ್ಲೆಗೆ ನೇರ ಲಂಬವಾಗಿದೆ, ಅದಕ್ಕೇ.

ಎಕ್ಸ್‌ರೇಗೆ ಬಿಲ್ಲೆಯನ್ನು ಹಾಗೇ ಚಪ್ಪಟೆ ಇಡಿ. ತಾಮ್ರದ ಟ್ಯೂಬ್ ಆದರೆ 30.8 ಡಿಗ್ರಿ ಕೋನದ (2θ) ಹತ್ತಿರ 008 ಗೆರೆ ಬರಬೇಕು. ಇದು ಬಿಲ್ಲೆಗೆ ಸಮಾಂತರವಾಗಿರುವ ಪರಮಾಣು ಪದರಗಳಿಂದ ಬರುವ ಗೆರೆ. ಬರೀ 006, 008, 0 0 14 ತರಹದ ಗೆರೆಗಳೇ ಕಂಡರೆ ಸರಿಯಾಗಿದೆ. ತಾಮ್ರದ ಕಿರಣಕ್ಕೆ ಕಬ್ಬಿಣ ತಾನೂ ಹೊಳೆದು ಹಿನ್ನೆಲೆ ಏರಿಸುತ್ತದೆ, ಬೇಡದ ಕಿರಣ ಸೋಸುವ ಮಾನೋಕ್ರೊಮೇಟರ್ ಹಾಕಿ.

ನನಗೆ ಇಷ್ಟದ ಪರೀಕ್ಷೆ ಫೆರೋಫ್ಲೂಯಿಡ್‌ದು (ಅತಿ ಸಣ್ಣ ಕಾಂತ ಕಣಗಳು ತೇಲುವ ದ್ರವ). ಬಿಲ್ಲೆಯ ಮೇಲೆ ತೆಳುವಾಗಿ ಒಂದು ಹನಿ ಹರಡಿ, ಮೇಲಿಂದ ಬೆಳಕು ಬೀಳುವ ಮೈಕ್ರೋಸ್ಕೋಪಿನಲ್ಲಿ ನೋಡಿ. ಡೊಮೇನುಗಳ (ಕಾಂತತೆ ಒಂದೇ ದಿಕ್ಕಿಗಿರುವ ಭಾಗಗಳು) ಸುತ್ತುಬಳಸು ಗೆರೆಗಳು ಎದ್ದು ಬರುತ್ತವೆ.

ಕೊನೆಗೆ ವಿಎಸ್ಎಂ, ಅಂದರೆ ಹರಳನ್ನು ಕಂಪಿಸಿ ಕಾಂತತೆ ಅಳೆಯುವ ಯಂತ್ರ. ಬಿಲ್ಲೆಗೆ ಲಂಬವಾಗಿ ಕ್ಷೇತ್ರ ಕೊಟ್ಟರೆ ರೂಮಿನ ಬಿಸಿಯಲ್ಲಿ ಗ್ರಾಂಗೆ ಸುಮಾರು 72 ಇಎಂಯು (ಕಾಂತತೆಯ ಮಾನ) ಬರಬೇಕು. ಬಿಲ್ಲೆಯ ಉದ್ದಕ್ಕೆ ಕೊಟ್ಟರೆ ಅಷ್ಟೇ ಕಾಂತತೆ ಬರಲು ಸುಮಾರು 17 ಕಿಲೋ ಅರ್ಸ್ಟೆಡ್ (ಕ್ಷೇತ್ರದ ಮಾನ) ಬೇಕು. ಕ್ಷೇತ್ರ ಏರಿಳಿಸಿದಾಗ ಬರುವ ಕರ್ವ್ ಸಪೂರ ಇದೆ ಎಂದು ಗಾಬರಿಯಾಗಬೇಡಿ. ಫ್ರಿಜ್ ಬಾಗಿಲಿನ ಮ್ಯಾಗ್ನೆಟ್ಟಿನಲ್ಲಿ ಇದೇ ಜಾತಿಯ ಫೆರೈಟ್ ಗಟ್ಟಿಯಾಗಿ ಹಿಡಿದುಕೊಳ್ಳುವುದು ಕಣಗಳು ಮೈಕ್ರಾನ್ ಗಾತ್ರದವು ಎಂಬ ಕಾರಣಕ್ಕೆ. ದೊಡ್ಡ ಹರಳಿನಲ್ಲಿ ಡೊಮೇನುಗಳು ಸಲೀಸಾಗಿ ಸರಿಯುತ್ತವೆ. ಹರಳನ್ನು ಟೆಫ್ಲಾನ್ ಟೇಪಿನಿಂದ ಬಿಗಿಯಾಗಿ ಕಟ್ಟಿ, ಇಲ್ಲದಿದ್ದರೆ ಕ್ಷೇತ್ರ ಏರುತ್ತಿದ್ದಂತೆ ಅದು ತಿರುಗಿಬಿಡುತ್ತದೆ, ಎರಡು ದಿಕ್ಕಿನ ಕರ್ವೂ ಒಂದೇ ತರಹ ಬರುತ್ತದೆ.